ಪಟ್ಟಿಯಲ್ಲಿಲ್ಲದ ಕುರಿ

ಆಟಿಕೆ ಅಂಗಡಿಯ ಎರಡನೇ ಮಹಡಿಯಲ್ಲಿ ಪುಟಾಣಿ ಗೊಂಬೆಗಳ ಸೆಟ್ಟು ಮಾರುವವನಿಗೆ ಜೊತೆಯ ಕೆಲಸಗಾರರು ಇಟ್ಟ ಹೆಸರು ಮೂರು ಪ್ಲಸ್. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಈ ಅಡ್ಡಹೆಸರಿಗೆ ಕಾರಣ ಅವನ ಹಟ. ಪೆಟ್ಟಿಗೆಯ ಮೂಲೆಯಲ್ಲಿ ಮೂರು ಎಂಬ ಅಂಕಿ, ಪಕ್ಕದಲ್ಲೊಂದು ಪ್ಲಸ್ ಗುರುತು ಅಚ್ಚಾಗಿದ್ದರೆ ಮುಗಿಯಿತು, ಮೂರು ತುಂಬದ ಮಗುವಿಗೆ ಅದನ್ನು ಅವನು ಮಾರುತ್ತಿರಲಿಲ್ಲ. ಬೇಡಿಕೊಂಡರೂ ಇಲ್ಲ, ಬೈದರೂ ಇಲ್ಲ, ಕೆಳಗಿನ ಮಹಡಿಯಿಂದ ಯಜಮಾನರೇ ಫೋನು ಮಾಡಿದರೂ ಇಲ್ಲ. ಕೌಂಟರಿನ ಕೆಳಗೆ ಒಂದು ರಟ್ಟಿನ ಕೊಳವೆ ಇಟ್ಟುಕೊಂಡಿದ್ದ. ಟಿಶ್ಯೂ ಸುರುಳಿ ಮುಗಿದ ಮೇಲೆ ಉಳಿಯುತ್ತದಲ್ಲ, ಅದು. ಗಿರಾಕಿ ಜಗಳಕ್ಕೆ ನಿಂತರೆ ಸೆಟ್ಟಿನ ಒಂದೊಂದೇ ಗೊಂಬೆಯನ್ನು ಅದರೊಳಗೆ ಬಿಟ್ಟು ತೋರಿಸುವನು. ಸಲೀಸಾಗಿ ಕೆಳಗೆ ಬಿದ್ದದ್ದು ಮಗುವಿನ ಗಂಟಲಿಗೂ ಸಲೀಸು. ಬೀಳದೆ ಮೇಲೇ ಕೂತದ್ದು ಮಗುವಿನ ಕೈಗೆ ಸರಿ.

“ಮಗೂಗೆ ಎಷ್ಟು ವಯಸ್ಸು?” ಇದು ಅವನ ಮೊದಲ ಪ್ರಶ್ನೆ. ಉತ್ತರವೂ ಹೆಚ್ಚುಕಡಿಮೆ ಒಂದೇ. “ಒಂದೂವರೆ. ಆದ್ರೆ ತುಂಬಾ ಚುರುಕು.” ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಸುಳ್ಳಲ್ಲ. ಹನ್ನೆರಡು ವರ್ಷದಲ್ಲಿ ‘ನಮ್ಮ ಮಗು ಸ್ವಲ್ಪ ನಿಧಾನ’ ಎಂದ ಒಬ್ಬ ಗಿರಾಕಿಯನ್ನೂ ಅವನು ಕಂಡಿರಲಿಲ್ಲ. ಲೋಕದಲ್ಲಿ ಇಷ್ಟೊಂದು ಚುರುಕು ಮಕ್ಕಳು ಹುಟ್ಟಿ, ಬೆಳೆದು, ಇಷ್ಟೊಂದು ಪೆದ್ದು ದೊಡ್ಡವರು ಹೇಗಾಗುತ್ತಾರೆ ಎಂಬುದು ಅವನಿಗೆ ಬಿಡಿಸಲಾಗದ ಒಗಟು.

ಒಮ್ಮೆ ಕೋಲೂರಿಕೊಂಡು ಬಂದ ತಾತ ಒಬ್ಬರು ಅಗ್ನಿಶಾಮಕ ಠಾಣೆಯ ಸೆಟ್ಟನ್ನು ಎದೆಗೆ ಅವಚಿಕೊಂಡು ನಿಂತರು. ಅರವತ್ತನಾಲ್ಕು ಬಿಡಿಭಾಗ, ಗೊಂಬೆಯ ಹೆಲ್ಮೆಟ್ಟೇ ಬಟಾಣಿಯಷ್ಟು.

“ಮೊಮ್ಮಗನಿಗೆ ಇನ್ನೊಂದು ತಿಂಗಳಿಗೆ ಮೂರು ತುಂಬುತ್ತೆ ಕಣಪ್ಪ. ಒಂದು ತಿಂಗಳಲ್ಲಿ ಏನು ಆಕಾಶ ಕಳಚಿ ಬೀಳುತ್ತಾ?”

“ಗೆರೆ ಅಂದ್ರೆ ಗೆರೆ ಸಾರ್. ಒಂದು ತಿಂಗಳಿಗೆ ಬಿಟ್ಟರೆ ನಾಳೆ ಎರಡು ತಿಂಗಳಿನವರು ಬರ್ತಾರೆ.”

“ನಮ್ಮ ಹುಡುಗ ಬುದ್ಧಿವಂತ.”

“ಪೆಟ್ಟಿಗೆ ಮೇಲೆ ಬರೆದಿರೋದು ಬುದ್ಧಿಗಲ್ಲ ಸಾರ್, ಗಂಟಲಿಗೆ.”

ತಾತ ಮುಖ ಸಿಂಡರಿಸಿಕೊಂಡು ದಪ್ಪ ದಪ್ಪ ಪ್ರಾಣಿಗಳ ಪೆಟ್ಟಿಗೆಯೊಂದನ್ನು ಒಯ್ದರು. ಜಗತ್ತಿನ ಒಂದು ಗಂಟಲು ಉಳಿಯಿತೆಂದು ಮೂರು ಪ್ಲಸ್ ಆ ದಿನವೆಲ್ಲ ಖುಷಿಯಾಗಿದ್ದ.

ಗಂಟಲಿಗೆ ಕೊಳವೆ ಇದ್ದ ಹಾಗೆ ಬುದ್ಧಿಗೆ ಒಂದು ಪಟ್ಟಿ ಇತ್ತು. ಗೊಂಬೆ ತಯಾರಿಸುವವರು ಮಾರುವವರಿಗೆಂದು ಅಚ್ಚು ಹಾಕಿಸಿ ಕಳಿಸಿದ ಪಟ್ಟಿ. ಒಂದು ವರ್ಷಕ್ಕೆ ಕೈತುಂಬ ಹಿಡಿಯಲು ನಾಲ್ಕೈದು ದಪ್ಪ ಗೊಂಬೆ ಸಾಕು. ಒಂದೂವರೆಗೆ ಮಗು ಗೊಂಬೆಯ ಬಾಯಿಗೆ ಚಮಚ ಹಿಡಿಯುತ್ತದೆ, ಆಗ ಕುರ್ಚಿ ಚಮಚ ಇರುವ ಸೆಟ್ಟು. ಎರಡು ದಾಟಿದರೆ ಗೊಂಬೆಯನ್ನು ಮಲಗಿಸಿ ಹೊದಿಸುತ್ತದೆ, ಮಂಚ ಬೇಕು. ಎರಡೂವರೆಗೆ ಗೊಂಬೆಗಳು ಸಂಸಾರ ಹೂಡುತ್ತವೆ, ಮನೆಯೇ ಬೇಕು. ಇದನ್ನು ಅವನು ದಿನಕ್ಕೆ ನಲವತ್ತು ಸಲ ಒಪ್ಪಿಸುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು.

ಇಂಥವನಿಗೆ ಮಗು ಆಗುತ್ತದೆ ಎಂದಾಗ ಅವನು ಸುಮ್ಮನಿರುವುದುಂಟೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇವನು ಹೆಂಡತಿಗೆ ಏಳು ತಿಂಗಳಿರುವಾಗಲೇ ಮೂರು ಪೆಟ್ಟಿಗೆ ಆರಿಸಿ ತಂದು ಬೀರುವಿನ ಮೇಲೆ ಸಾಲಾಗಿ ಇಟ್ಟ. ವರ್ಷಕ್ಕೆ ಹೊಲದ ಸೆಟ್ಟು, ಒಂದೂವರೆಗೆ ಅಡುಗೆಮನೆ, ಎರಡೂವರೆಗೆ ಕೆಂಪು ಚಾವಣಿಯ ಮನೆ. ಹೆಂಡತಿ ಮನೆಯಲ್ಲೇ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಊರವರ ಪ್ಯಾಂಟು ಗಿಡ್ಡ ಮಾಡುವವಳು, ಜಿಪ್ಪು ಬದಲಿಸುವವಳು. ಅವಳು ತಲೆ ಎತ್ತದೆ, “ಮೊದ್ಲು ಮಗು ಬರಲಿ, ಆಮೇಲೆ ಅದು ಮನೆ ಕಟ್ಟಲಿ,” ಎಂದಿದ್ದಳು.

ಮಗಳು ಅಂಗೈಯಗಲ ಹುಟ್ಟಿದಳು. ಗುಬ್ಬಿ ಎಂದು ಕರೆದರು.

ವರ್ಷ ತುಂಬಿದ ದಿನವೇ ಮೊದಲ ಪೆಟ್ಟಿಗೆ ಇಳಿಯಿತು. ರೈತ, ಹಸು, ಕುರಿ, ಮರ, ಒಂದು ಬಂಡಿ. ಗುಬ್ಬಿ ಬಂಡಿಯನ್ನು ಮಗುಚಿ ಹಾಕಿ ಅದರ ಚಕ್ರ ತಿರುಗಿಸಿದಳು. ಅದು ನಿಂತ ಮೇಲೆ ಮತ್ತೆ ತಿರುಗಿಸಿದಳು. ಆರು ತಿಂಗಳ ನಂತರ ಅಡುಗೆಮನೆ ಇಳಿಯಿತು. ಗುಬ್ಬಿ ಚಮಚವನ್ನು ಒಮ್ಮೆ ನೆಕ್ಕಿ ಬದಿಗಿಟ್ಟು ಬಂಡಿಗೇ ಹಿಂತಿರುಗಿದಳು. ಕರೆದರೆ ತಿರುಗುತ್ತಿರಲಿಲ್ಲ. ಬೆರಳು ಚಾಚಿ ಏನನ್ನೂ ತೋರಿಸುತ್ತಿರಲಿಲ್ಲ. ಅಳುವಾಗ ಕೂಡ ಯಾರ ಕಡೆಗೂ ಅಳುತ್ತಿರಲಿಲ್ಲ, ಗೋಡೆಯ ಕಡೆಗೆ ಅಳುತ್ತಿದ್ದಳು.

ಒಂದನ್ನು ಮಾತ್ರ ಮಾಡುತ್ತಿದ್ದಳು. ಸಂಜೆ ಅಪ್ಪ ಬಂದು ಬಾಗಿಲ ಬಳಿಯ ಮೋಟು ಸ್ಟೂಲಿನ ಮೇಲೆ ಕೂತು ಶೂ ಬಿಚ್ಚುವಾಗ, ಆ ಪ್ಲಾಸ್ಟಿಕ್ ಕುರಿಯನ್ನು ತಂದು ಅವನ ಅಂಗೈಯಲ್ಲಿ ಇಡುವಳು. ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಕುರಿಯನ್ನು ಮುಚ್ಚುವಳು. ಮುಚ್ಚಿದ ಮೇಲೆ ಒಂದು ಗಳಿಗೆ ಅವನ ಮುಖ ನೋಡಿ ಹೊರಟುಹೋಗುವಳು. ಸ್ವಲ್ಪ ಹೊತ್ತಿಗೆ ಬಂದು ಬೆರಳು ಬಿಡಿಸಿ ಕುರಿಯನ್ನು ವಾಪಸು ಒಯ್ಯುವಳು. ದಿನವೂ ಇದೇ.

“ನಾನು ಕುರಿ ಅಂತ ಇವಳು ಈಗಲೇ ಕಂಡುಹಿಡಿದುಬಿಟ್ಟಿದ್ದಾಳೆ ಕಣೇ,” ಎಂದು ಅವನು ಹೆಂಡತಿಗೆ ಹೇಳಿ ನಗುತ್ತಿದ್ದ. ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕೆ ಕೊಡಲಿಲ್ಲ. ಪಟ್ಟಿಯಲ್ಲಿ ಯಾವ ವಯಸ್ಸಿನ ಎದುರಿಗೂ ಅಂಗೈಯಲ್ಲಿ ಕುರಿ ಇಡುವ ಮಾತು ಇರಲಿಲ್ಲ.

ಊರಿಗೆಲ್ಲ ಬೆಳಕು ಕೊಡುವ ದೀಪದ ಬುಡದಲ್ಲೇ ಕತ್ತಲೆ. ಗುಬ್ಬಿಗೆ ಎರಡೂಕಾಲು ಆದಾಗ ಹೆಂಡತಿಯೇ ಬಾಯಿ ಬಿಟ್ಟಳು. ಅವಳ ತುಟಿಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ಸಿಕ್ಕಿಸಿ ಆಮೇಲೆ ಮಾತಾಡಿದಳು.

“ರೀ, ಒಂದೂವರೆಗೆ ಮಗು ಗೊಂಬೆ ಬಾಯಿಗೆ ಚಮಚ ಹಿಡಿಯುತ್ತೆ ಅಂತ ದಿನಾ ಅಂಗಡೀಲಿ ಹೇಳ್ತೀರಲ್ಲ. ನಮ್ಮ ಗುಬ್ಬಿ ಯಾವತ್ತು ಹಿಡಿದಳು?”

“ಕೆಲವು ಮಕ್ಕಳು ನಿಧಾನ.”

“ಅಮ್ಮ ಅಂದಿಲ್ಲ. ಕರೆದ್ರೆ ತಿರುಗಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

ಅವನಿಗೆ ರೇಗಿತು. “ಯಾವ ವಯಸ್ಸಿಗೆ ಏನು ಅಂತ ನೀನು ನನಗೆ ಹೇಳಿಕೊಡ್ತೀಯಾ? ನನ್ನ ಕೆಲಸಾನೇ ಅದು.”

ಈ ಒಂದು ಮಾತಿನ ಬಿಂಕಕ್ಕೆ ಮೂರು ತಿಂಗಳು ಹೋಯಿತು. ಎರಡೂವರೆ ತುಂಬಿದ ದಿನ ಕೆಂಪು ಚಾವಣಿಯ ಮನೆಯನ್ನು ಇಳಿಸಲು ಅವನು ಬೀರುವಿನ ಮೇಲೆ ಕೈ ಚಾಚಿದ. ಕೆಳಗೆ ಗುಬ್ಬಿ ಚಕ್ರ ತಿರುಗಿಸುತ್ತಾ ಕೂತಿದ್ದಳು. ಯಾರೋ ಗಿರಾಕಿ ಈ ಮಗುವನ್ನು ಕರೆತಂದು ಎದುರಿಗೆ ನಿಲ್ಲಿಸಿದ್ದರೆ ‘ಒಂದು ವರ್ಷದ ಸೆಟ್ಟು ಕೊಡ್ತೀನಿ’ ಎಂದು ತಾನು ಹೇಳುತ್ತಿದ್ದೆ ಎಂಬುದು ಆಗ ಅವನಿಗೆ ಹೊಳೆಯಿತು. ಪೆಟ್ಟಿಗೆ ಮುಟ್ಟದೆ ಕೈ ಇಳಿಸಿದ. ಮರುದಿನ ರಜೆ ಕೇಳಿ ಡಾಕ್ಟರ ಬಳಿಗೆ ಹೋದರು. ಆ ಡಾಕ್ಟರು ಕಿವಿ ಸರಿಯಾಗಿದೆ ಎಂದರು. ಇನ್ನೊಬ್ಬ ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿ, ಇಂಥ ಪುಟ್ಟ ಮಕ್ಕಳಿಗೆಂದೇ ಇರುವ ಒಂದು ಕಲಿಕಾ ಕೇಂದ್ರದ ವಿಳಾಸ ಬರೆದುಕೊಟ್ಟರು. ಕೇಂದ್ರದಿಂದ ಕರೆ ಬರುವ ಹೊತ್ತಿಗೆ ಗುಬ್ಬಿಗೆ ಎರಡು ವರ್ಷ ಹತ್ತು ತಿಂಗಳು.

ಕೇಂದ್ರದ ಮೇಡಂ ದಣಿದ ದನಿಯವರು. ಸುತ್ತಿಬಳಸಿ ಮಾತಾಡಲಿಲ್ಲ.

“ಇಲ್ಲಿ ಇರೋದು ಆರೇ ಜಾಗ. ಮೂರು ತುಂಬೋದರೊಳಗೆ ಸೇರಬೇಕು. ಆಮೇಲೆ ಹೆಸರು ದೊಡ್ಡ ಪಟ್ಟಿಗೆ ಹೋಗುತ್ತೆ, ಅಲ್ಲಿ ಸರದಿ ಬರೋಕೆ ನಾಲ್ಕು ವರ್ಷ ಆಗುತ್ತೆ. ಈ ವಯಸ್ಸಲ್ಲಿ ನಾಲ್ಕು ವರ್ಷ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ.”

“ಏನು ನೋಡಿ ಸೇರಿಸ್ಕೋತೀರಿ ಮೇಡಂ?” ಎಂದು ಅವನು ಕೇಳಿದ.

“ಒಂದರ್ಧ ಗಂಟೆ ಮಗು ಆಡೋದನ್ನ ನೋಡ್ತೀನಿ.”

“ಮನೇಲಿ ಏನಾದ್ರೂ ಕಲಿಸಿರಬೇಕಾ?”

“ಏನೂ ಕಲಿಸಬೇಡಿ. ಹೇಗಿದ್ದಾಳೋ ಹಾಗೇ ಕರ್ಕೊಂಡು ಬನ್ನಿ.”

ಪರೀಕ್ಷೆ ಇದೆ, ಓದಿಸಬೇಡಿ ಎಂದರೆ ಯಾವ ತಂದೆ ನಂಬುತ್ತಾನೆ? ತಾರೀಖು ಏಳು ವಾರಕ್ಕೆ ಸಿಕ್ಕಿತು, ಗುಬ್ಬಿಗೆ ಮೂರು ತುಂಬಲು ಒಂಬತ್ತು ದಿನ ಇರುವಾಗ. ಅರ್ಜಿಗೆ ಸಹಿ ಹಾಕಿ ಹೊರಗೆ ಬರುವಾಗ ಅವನು ಓಣಿಯ ಕೊನೆಯ ಕೋಣೆಯ ಬಾಗಿಲಿನ ಗಾಜಿನಲ್ಲಿ ಇಣುಕಿದ. ಮೋಟು ಮೇಜು, ಎರಡು ಪುಟ್ಟ ಕುರ್ಚಿ, ಮೇಜಿನ ಮೇಲೆ ಒಂದು ಮನೆ. ಕೆಂಪು ಚಾವಣಿ, ಎಡಕ್ಕೆ ಮಂಚ, ಬಲಕ್ಕೆ ಊಟದ ಕುರ್ಚಿ, ನಾಲ್ಕು ಗೊಂಬೆ. ಬೇರೆ ಯಾವ ತಂದೆಯಾದರೂ ‘ಏನೋ ಆಟಿಕೆ’ ಎಂದುಕೊಂಡು ಮುಂದೆ ಹೋಗುತ್ತಿದ್ದ. ಇವನಿಗೆ ಪೆಟ್ಟಿಗೆಯ ನಂಬರು ಸಹಿತ ಗೊತ್ತಾಯಿತು. ಎರಡನೇ ಮಹಡಿ, ಎರಡನೇ ಅಡ್ಡಹಲಗೆ. ತನ್ನ ಮನೆಯ ಬೀರುವಿನ ಮೇಲೆ ಸೀಲು ಒಡೆಯದೆ ಕೂತಿರುವ ಅದೇ ಸೆಟ್ಟು.

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಬಸ್ಸಿನಲ್ಲಿ ಅವನ ಕಾಲು ನಿಂತಲ್ಲಿ ನಿಲ್ಲಲಿಲ್ಲ. “ಪ್ರಶ್ನೆಪತ್ರಿಕೆ ನಮ್ಮ ಬೀರು ಮೇಲಿದೆ ಕಣೇ,” ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ತೊಡೆಯ ಮೇಲೆ ಮಲಗಿದ್ದ ಗುಬ್ಬಿಯ ಕೂದಲು ಸರಿಮಾಡುತ್ತಾ, “ಕಲಿಸಬೇಡಿ ಅಂದ್ರಲ್ಲ,” ಎಂದಳು.

“ಎಲ್ಲರಿಗೂ ಹಾಗೇ ಅಂತಾರೆ.”

ಅವತ್ತೇ ಮನೆಯ ಪೆಟ್ಟಿಗೆ ಇಳಿಯಿತು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ. ಗುಬ್ಬಿಯನ್ನು ಮುಂದೆ ಕೂರಿಸಿಕೊಂಡು ಅವಳ ಕೈ ಮೇಲೆ ಕೈ ಇಟ್ಟು ಮಾಡಿಸುವನು. ಗೊಂಬೆ ತಗೋ. ಕುರ್ಚಿಯಲ್ಲಿ ಕೂರಿಸು. ಬಾಯಿಗೆ ಚಮಚ. ಮಂಚದ ಮೇಲೆ ಮಲಗಿಸು. ಹೊದಿಕೆ ಹಾಕು. ಎರಡು ಸಲ ತಟ್ಟು. ಅಷ್ಟನ್ನೂ ಮಾಡಿದರೆ ಬಹುಮಾನ: ಅಪ್ಪ ಬಂಡಿಯ ಚಕ್ರ ತಿರುಗಿಸುವನು. ಗುಬ್ಬಿ ಮೊದಲ ವಾರ ಕೊಸರಾಡಿದಳು, ಕಚ್ಚಿದಳು, ಮೈ ಬಿಲ್ಲು ಮಾಡಿ ಹಿಂದಕ್ಕೆ ಬಿದ್ದಳು. ಹೆಂಡತಿ ಯಂತ್ರದ ಸದ್ದಿನಲ್ಲಿ ಅದನ್ನು ಕೇಳಿಸಿಕೊಳ್ಳದಿರಲು ನೋಡಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂಥ ದಿನಗಳೂ ಇದ್ದವು. ಆದರೆ ಆಸೆ ಇಬ್ಬರಿಗೂ ಒಂದೇ. ಎರಡನೇ ವಾರ ಹೆಂಡತಿಯೇ ಬಂದು ಪಕ್ಕದಲ್ಲಿ ಕೂತಳು.

ಅಡ್ಡ ಬರುತ್ತಿದ್ದದ್ದು ಕುರಿ. ಸಂಜೆ ಅವನು ಶೂ ಬಿಚ್ಚುವ ಮುಂಚೆಯೇ ಪಾಠಕ್ಕೆ ಕೂತುಬಿಡುತ್ತಿದ್ದ. ಗುಬ್ಬಿಯ ಕೈಗೆ ಗೊಂಬೆ ಕೊಟ್ಟರೆ ಅದನ್ನು ಕೆಳಗೆ ಬಿಟ್ಟು, ಎದ್ದು ಹೋಗಿ ಕುರಿಯನ್ನು ತಂದು ಅವನ ಅಂಗೈಯಲ್ಲಿ ಇಡುವಳು, ಬೆರಳು ಮಡಚಲು ತೊಡಗುವಳು. ಹೀಗೆ ದಿನಕ್ಕೆ ಮೂರು ಸಲ, ನಾಲ್ಕು ಸಲ.

“ಈ ಕುರಿ ಇದ್ರೆ ಇವಳು ಕಲಿಯೋದಿಲ್ಲ,” ಎಂದ.

“ಇರಲಿ ಬಿಡ್ರೀ. ನಿಮಗೆ ತಾನೆ ತಂದು ಕೊಡ್ತಿರೋದು.”

“ಕೇಂದ್ರದ ಮೇಜಿನ ಮೇಲೆ ಕುರಿ ಇರಲಿಲ್ಲ. ನಾನು ನೋಡಿದೀನಿ.”

ಕುರಿಯನ್ನು ಬೀರುವಿನ ಮೇಲೆ, ಮನೆಯ ಪೆಟ್ಟಿಗೆ ಇದ್ದ ಜಾಗದಲ್ಲಿ ಹಿಂದಕ್ಕೆ ತಳ್ಳಿ ಇಟ್ಟ. ಮರುದಿನ ಸಂಜೆ ಗುಬ್ಬಿ ಮನೆಯೆಲ್ಲ ಸುತ್ತಿ ಬಂದು ಬರಿಗೈಯನ್ನೇ ಅವನ ಅಂಗೈಯಲ್ಲಿ ಇಟ್ಟಳು. ಏನೂ ಇಲ್ಲದ ಅಂಗೈಯ ಮೇಲೆ ಅವನ ಬೆರಳುಗಳನ್ನು ಮಡಚಿ ಮುಖ ನೋಡಿದಳು. ಅವನು ಬೆರಳು ಬಿಡಿಸಿಕೊಂಡು ಗೊಂಬೆ ಹಿಡಿಸಿದ. ಅದರ ಮರುದಿನವೂ ಹಾಗೇ ಆಯಿತು. ಮೂರನೆಯ ದಿನದಿಂದ ಅವಳು ಬಾಗಿಲ ಕಡೆಗೆ ಬರಲಿಲ್ಲ. ಈಗ ಹಾದಿಗೆ ಬಂದಳು ಎಂದು ಅವನು ಸಮಾಧಾನಪಟ್ಟುಕೊಂಡ. ಮನುಷ್ಯ ತನ್ನ ಕಣ್ಣಿಗೆ ತಾನೇ ಮಣ್ಣೆರಚಿಕೊಳ್ಳುವಾಗ ಎಷ್ಟು ಶ್ರದ್ಧೆಯಿಂದ ಎರಚಿಕೊಳ್ಳುತ್ತಾನೆ ನೋಡಿ.

ಐದನೇ ವಾರ ಒಂದು ಬೆಳಗ್ಗೆ ಗುಬ್ಬಿ ತಾನಾಗಿಯೇ ಗೊಂಬೆಯನ್ನು ಎತ್ತಿಕೊಂಡಳು. ಕುರ್ಚಿ, ಚಮಚ, ಮಂಚ, ಹೊದಿಕೆ, ತಟ್ಟು, ತಟ್ಟು. ಯಾರ ಕೈಯೂ ಅವಳ ಕೈ ಮೇಲಿರಲಿಲ್ಲ. ಹೆಂಡತಿ ಯಂತ್ರ ನಿಲ್ಲಿಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಅತ್ತೇಬಿಟ್ಟ. ಅಳುತ್ತಲೇ ಚಕ್ರ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. ಅಂದು ಅಂಗಡಿಯಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದ. “ಏನು ಮೂರು ಪ್ಲಸ್, ಮಗಳು ಪಾಸಾದಳಾ?” ಎಂದು ಕೇಳಿದವರಿಗೆ, “ಆದ ಹಾಗೇ,” ಎಂದ.

ಪರೀಕ್ಷೆಯ ದಿನ ಗುಬ್ಬಿಗೆ ಅಮ್ಮ ಹೊಲಿದ ಹೊಸ ಫ್ರಾಕು. ತಂದೆತಾಯಿಯನ್ನು ಗೋಡೆಯ ಬದಿ ಎರಡು ಕುರ್ಚಿಯಲ್ಲಿ ಕೂರಿಸಿ, “ನಾನು ಕೇಳೋ ತನಕ ಮಾತಾಡಬೇಡಿ,” ಎಂದು ಮೇಡಂ ಹೇಳಿದರು. ಆಮೇಲೆ ಗುಬ್ಬಿಯ ಎದುರಿಗೆ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತರು. ಗುಬ್ಬಿ ಕೆಂಪು ಚಾವಣಿಯನ್ನು ಕಂಡಳು. ಗೊಂಬೆ ಎತ್ತಿಕೊಂಡಳು. ಕುರ್ಚಿ, ಚಮಚ, ಮಂಚ, ಹೊದಿಕೆ, ತಟ್ಟು, ತಟ್ಟು. ಒಂದು ತಪ್ಪಿಲ್ಲ. ಅವನು ಹೆಂಡತಿಯ ಮೊಣಕೈ ಹಿಸುಕಿದ. ಮೇಡಂ ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ.

ಅವರು ಮನೆಯೊಳಗಿಂದ ಮಂಚವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಅದರ ಬದಲಿಗೆ ಒಂದು ಸ್ಪಂಜಿನ ತುಂಡನ್ನು ಮೇಜಿನ ಈ ಬದಿಗೆ ಇಟ್ಟರು. “ಪಾಪು ನಿದ್ದೆ ಮಾಡ್ಬೇಕಂತೆ. ಎಲ್ಲಿ ಮಲಗಿಸೋಣ?” ಗುಬ್ಬಿ ಸ್ಪಂಜನ್ನು ನೋಡಲಿಲ್ಲ. ಕುರ್ಚಿ, ಚಮಚ, ಆಮೇಲೆ ಮಂಚವಿಲ್ಲದ ಬರಿ ನೆಲದ ಮೇಲೆ, ಮಂಚ ಇರುತ್ತಿದ್ದ ಅದೇ ಜಾಗದಲ್ಲಿ ಗೊಂಬೆಯನ್ನು ಅಡ್ಡ ಇಟ್ಟು, ಹೊದಿಕೆ ಹಾಕಿ ಎರಡು ಸಲ ತಟ್ಟಿದಳು. ತಟ್ಟಿ, ಬಂಡಿ ಎಲ್ಲಿ ಎಂಬಂತೆ ಬಲಕ್ಕೆ ತಿರುಗಿದಳು. ಬಂಡಿ ಇರಲಿಲ್ಲ.

ಮೇಡಂ ಎಲ್ಲ ಸಾಮಾನುಗಳನ್ನೂ ಅವಳ ಹತ್ತಿರ ಸರಿಸಿ, ತಮ್ಮ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಸುಮ್ಮನೆ ಕಾದರು.

ಆ ಬಿಚ್ಚಿದ ಅಂಗೈಯನ್ನು ನೋಡಿ ಅವನಿಗೆ ಮೊದಲು ಏನೂ ಅನ್ನಿಸಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಹೋಯಿತು. ಮೇಡಂ ಕೈ ತೆಗೆಯಲಿಲ್ಲ. ಎರಡನೇ ನಿಮಿಷಕ್ಕೆ ಅವನು ತನ್ನದೇ ಅಂಗೈಯನ್ನು ನೋಡಿಕೊಂಡ. ಪಕ್ಕದಲ್ಲಿ ಹೆಂಡತಿ ಉಸಿರು ಬಿಗಿಹಿಡಿದದ್ದು ಕೇಳಿಸಿತು; ಅವಳಿಗೆ ಅವನಿಗಿಂತ ಮುಂಚೆಯೇ ತಿಳಿದಿತ್ತು. ಗುಬ್ಬಿ ಆ ಅಂಗೈಯನ್ನು ತಪ್ಪಿಸಿ ಕೈ ಚಾಚಿ ಮತ್ತೆ ಗೊಂಬೆಯನ್ನು ತೆಗೆದುಕೊಂಡಳು. ಕುರ್ಚಿ, ಚಮಚ.

ಮೇಡಂ ಪೆನ್ನಿನ ಮುಚ್ಚಳ ತೆಗೆದು ಒಂದು ಸಾಲು ಬರೆದರು. ಆಮೇಲೆ ಇವರ ಕಡೆಗೆ ತಿರುಗಿದರು.

“ಇದನ್ನ ಯಾರು ಕಲಿಸಿದ್ದು?”

“ನಾನೇ ಮೇಡಂ.”

“ಚೆನ್ನಾಗಿ ಕಲಿಸಿದ್ದೀರಿ,” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. “ಆದ್ರೆ ಇದು ಗಿಳಿಪಾಠ. ನಾನು ಮಂಚ ಹೊದಿಕೆ ಯಾವುದನ್ನೂ ನೋಡೋದಿಲ್ಲ. ಆಡ್ತಾ ಆಡ್ತಾ ಮಗು ಒಂದು ಸಾಮಾನನ್ನ ತಾನಾಗೇ ತಂದು ಯಾರಿಗಾದ್ರೂ ಕೊಡುತ್ತಾ, ಕೊಟ್ಟು ಮುಖ ನೋಡುತ್ತಾ ಅಂತ ನೋಡ್ತೀನಿ. ಅಷ್ಟಿದ್ರೆ ಸಾಕು, ಅಲ್ಲಿಂದ ನಾವು ಶುರು ಮಾಡಬಹುದು. ಮನೇಲಿ ಯಾವತ್ತಾದ್ರೂ ಹಾಗೆ ತಂದು ಕೊಟ್ಟಿದ್ದಾಳಾ?”

ಅವನು ತನ್ನ ಶೂ ನೋಡುತ್ತಾ ಕೂತ.

“ಕುರಿ ತಂದು ಕೊಡ್ತಿದ್ದಳು,” ಎಂದಳು ಹೆಂಡತಿ. “ದಿನಾ ಸಂಜೆ. ಇವರ ಕೈಯಲ್ಲಿಟ್ಟು ಬೆರಳು ಮಡಚಿ ಮುಖ ನೋಡ್ತಿದ್ದಳು.”

ಮೇಡಂ ಮುಂದಕ್ಕೆ ಬಾಗಿದರು. “ಈಗ?”

“ಈಗ ಇಲ್ಲ.”

“ಯಾಕೆ?”

ಹೆಂಡತಿ ಉತ್ತರ ಕೊಡಲಿಲ್ಲ. ಗಂಡನನ್ನು ನೋಡಲೂ ಇಲ್ಲ. ಅದು ಅವಳು ತೋರಿಸಿದ ದಯೆಯೋ ಶಿಕ್ಷೆಯೋ ಅವನಿಗೆ ಇವತ್ತಿಗೂ ತಿಳಿಯದು.

“ನಾನು ತೆಗೆದಿಟ್ಟೆ,” ಎಂದ ಅವನು. “ಪಾಠಕ್ಕೆ ಅಡ್ಡ ಬರ್ತಿತ್ತು.”

ಮೇಡಂ ಕಣ್ಣು ಮುಚ್ಚಿ ತೆರೆದರು. ತಾವು ಬರೆದ ಸಾಲಿನ ಮೇಲೆ ಬೆರಳಿಟ್ಟರು. “ನಾನು ಈ ಕೋಣೇಲಿ ಕಂಡಿದ್ದನ್ನ ಮಾತ್ರ ಬರೀಬಹುದು. ಆರು ಜಾಗಕ್ಕೆ ಮೂವತ್ತು ಮಕ್ಕಳಿದ್ದಾರೆ.”

“ಇನ್ನೊಂದು ಸಲ ನೋಡಿ ಮೇಡಂ. ಒಂದು ತಿಂಗಳು ಬಿಟ್ಟು.”

“ಇನ್ನು ಒಂಬತ್ತು ದಿನಕ್ಕೆ ಮೂರು ತುಂಬುತ್ತಲ್ಲ.”

ಒಂದು ತಿಂಗಳಲ್ಲಿ ಏನು ಆಕಾಶ ಕಳಚಿ ಬೀಳುತ್ತದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಆ ಮಾತಿಗೆ ಉತ್ತರ ಏನೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಎದ್ದು ನಿಂತು ಗುಬ್ಬಿಯ ಕೈ ಹಿಡಿದುಕೊಂಡ.

ಬಸ್ಸಿನಲ್ಲಿ ಹೆಂಡತಿ ಒಂದೇ ಮಾತು ಆಡಿದಳು. “ಕುರಿ ಬೀರು ಮೇಲೇ ಇದೆಯಾ?”

“ಇದೆ.”

ಮನೆಗೆ ಬಂದವನೇ ಕುರಿಯನ್ನು ಇಳಿಸಿ, ಧೂಳು ಒರೆಸಿ, ಗುಬ್ಬಿಯ ಎದುರಿಗೆ ಇಟ್ಟು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಂಗೈ ಚಾಚಿ ಕೂತ. ಗುಬ್ಬಿ ಕುರಿಯನ್ನು ದಾಟಿಕೊಂಡು ಹೋದಳು. ಮರುದಿನವೂ ಕೂತ. ದಿನವೂ ಅಂಗಡಿಯಿಂದ ಬಂದು ಶೂ ಬಿಚ್ಚಿ, ಅಂಗೈ ಅಂಗಾತ ಮಾಡಿ, ಕೈ ಸೋಲುವ ತನಕ ಕೂರುವನು. ತಾನೇ ಕುರಿಯನ್ನು ಅವಳ ಕೈಯಲ್ಲಿಟ್ಟು ಬೆರಳು ಮಡಚಿದ. ಅವಳು ಬೆರಳು ಬಿಡಿಸಲು ಅದು ನೆಲಕ್ಕೆ ಬಿತ್ತು. ಕೈ ಮೇಲೆ ಕೈ ಇಟ್ಟು ಕಲಿಸೋಣವೇ ಎಂದು ಒಂದು ಸಂಜೆ ಅವನ ಕೈ ತಾನಾಗಿ ಮುಂದೆ ಹೋಯಿತು. ಹೆಂಡತಿ ಯಂತ್ರದ ಹಿಂದಿನಿಂದ, “ಬೇಡ,” ಎಂದಳು. ಅವನು ಕೈ ಹಿಂದೆ ತೆಗೆದುಕೊಂಡ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಫಲಕ್ಕಾಗಿ ಯಾರು ಚಿಂತಿಸುತ್ತಾರೆ? ಬೇರೇನೂ ಮಾಡಲು ಉಳಿಯದಾಗ ಚಿಂತಿಸುತ್ತಾರೆ, ಅಷ್ಟೆ.

ಒಂಬತ್ತನೆಯ ದಿನ ಅಂಗಡಿಯವರು ಅವನಿಗೆ ಬಣ್ಣದ ಕಾಗದ ಸುತ್ತಿದ ಒಂದು ಪೆಟ್ಟಿಗೆ ಕೊಟ್ಟರು. ಕೇಂದ್ರದಲ್ಲಿ ಆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಜಮಾನರೇ ಮೇಲೆ ಹತ್ತಿ ಬಂದು ಅವನ ಬೆನ್ನು ತಟ್ಟಿದರು. “ಇವತ್ತಿಂದ ನಿನ್ನ ಮಗಳೂ ಮೂರು ಪ್ಲಸ್ಸೇ ಅಲ್ಲವೇನಯ್ಯ. ಇನ್ನು ನಿನಗೆ ತಕರಾರು ತೆಗೆಯೋಕೆ ಆಗೋದಿಲ್ಲ.” ಎಲ್ಲರೂ ನಕ್ಕರು. ಅವನೂ ನಕ್ಕ. ಒಳಗೆ ಅಗ್ನಿಶಾಮಕ ಠಾಣೆ, ಅರವತ್ತನಾಲ್ಕು ಬಿಡಿಭಾಗ. ಎಲ್ಲರೂ ಹೋದ ಮೇಲೆ ಅವನು ಪೆಟ್ಟಿಗೆ ತೆರೆದು ಒಂದು ಗೊಂಬೆಯನ್ನು ಕೊಳವೆಯೊಳಗೆ ಬಿಟ್ಟ. ಅದು ಟಪ್ಪೆಂದು ಕೆಳಗೆ ಬಿತ್ತು. ಇನ್ನೊಂದನ್ನು ಬಿಟ್ಟ. ಅದೂ ಬಿತ್ತು.

ಅಷ್ಟರಲ್ಲಿ ಒಬ್ಬ ತಾಯಿ ಕೌಂಟರಿನ ಮುಂದೆ ಬಂದು ನಿಂತಳು. ಸೊಂಟದ ಮೇಲಿದ್ದ ಮಗು ತನ್ನ ಬಾಯಲ್ಲಿದ್ದ ಬಿಸ್ಕತ್ತನ್ನು ತೆಗೆದು ಅವನ ಕಡೆಗೆ ಚಾಚಿತು. ಅವನು ಎಂದಿನ ಪ್ರಶ್ನೆ ಕೇಳಲು ಹೋಗಿ ಕೇಳಲಾರದೆ, ಅಡ್ಡಹಲಗೆಯ ಕಡೆಗೆ ಕೈ ತೋರಿಸಿ, “ಅಲ್ಲಿವೆ, ನೀವೇ ನೋಡ್ಕೊಳ್ಳಿ,” ಎಂದ.

ಸಂಜೆ ಠಾಣೆಯ ಪೆಟ್ಟಿಗೆಯನ್ನು ಬೀರುವಿನ ಮೇಲೆ ಇಟ್ಟು, ಸ್ಟೂಲಿನ ಮೇಲೆ ಕೂತು ಅಂಗೈ ಚಾಚಿದ. ಕುರಿ ನೆಲದ ಮೇಲೆ ಅವನ ಕಾಲ ಬಳಿ ಇತ್ತು. ಕಿಟಕಿಯ ಬೆಳಕು ಇನ್ನೂ ಹೋಗಿರಲಿಲ್ಲ.

ಗುಬ್ಬಿ ಬಂದಳು. ಬಂದು ಕುರಿಯನ್ನು ಎತ್ತಿಕೊಂಡಳು.

ಹೊಲಿಗೆ ಯಂತ್ರ ನಿಂತಿತು. ಗುಬ್ಬಿ ಕುರಿಯನ್ನು ಕೈಯಲ್ಲಿ ಹಿಡಿದು ಅವನ ಎದುರಿಗೇ ನಿಂತಿದ್ದಳು. ಅವಳ ಕೈಗೂ ಅವನ ಅಂಗೈಗೂ ನಡುವೆ ಒಂದು ಗೇಣು ಇತ್ತು. ತಾನು ಅಲುಗಿದರೆ ಅವಳು ಹೋಗಿಬಿಡುತ್ತಾಳೆ ಎಂದು ಕಣ್ಣು ಕೂಡ ಮಿಟುಕಿಸಲಿಲ್ಲ. ಕೊಡು ನನ್ನಮ್ಮ, ಕೊಡು ಎಂದು ಒಳಗೊಳಗೇ ಬೇಡಿಕೊಂಡ.

ಗುಬ್ಬಿ ತಿರುಗಿ ಕೆಂಪು ಚಾವಣಿಯ ಮನೆಯ ಬಳಿಗೆ ಹೋಗಿ ಕೂತಳು. ಕುರಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ನಾಲ್ಕು ಕಾಲಿನ ಕುರಿ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಒತ್ತಿ ಹಿಡಿದು ಕೂರಿಸಿದಳು. ಅದರ ಬಾಯಿಗೆ ಚಮಚ ಹಿಡಿದಳು. ಮಂಚದ ಮೇಲೆ ಮಲಗಿಸಿದಳು. ಹೊದಿಕೆ ಹಾಕಿದಳು. ಎರಡು ಸಲ ತಟ್ಟಿದಳು. ಆಮೇಲೆ ಬಂಡಿಯ ಕಡೆಗೆ ತಿರುಗಿ ಚಕ್ರವನ್ನು ನೋಡುತ್ತಾ ಕಾದಳು.

ಅವನ ಅಂಗೈ ಚಾಚಿದ ಹಾಗೇ ಇತ್ತು.

“ತಿರುಗಿಸಿ,” ಎಂದಳು ಹೆಂಡತಿ. “ಕಾಯ್ತಿದ್ದಾಳೆ.”

ಅವನು ಸ್ಟೂಲಿನಿಂದ ಇಳಿದು, ಮಗಳ ಪಕ್ಕ ನೆಲದ ಮೇಲೆ ಕೂತು, ಚಕ್ರ ತಿರುಗಿಸಿದ.